ಮರ್ಸಿ ನದಿಯ ಕಡವು

ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಕುಳಿತು ಹೊಳೆ ದಾಟುವವರಿಗೆ ಇಂದು ಹೊಳೆಯೆಂಬುದು ಅರ್ಧ ನಿಮಿಷದ ಸಂಗತಿ. ಸೇತುವೆಯ ಕಂಬಿಗಳು ಕಿಟಕಿಯಾಚೆ ಸರಸರನೆ ಹಾಯುತ್ತವೆ. ಕೆಲವರು ಚಿಲ್ಲರೆ ಕಾಸೊಂದನ್ನು ನೀರಿಗೆಸೆದು ಕೈಮುಗಿಯುತ್ತಾರೆ. ತೂಕಡಿಸುತ್ತಿದ್ದವರಿಗೆ ಅದೂ ಇಲ್ಲ. ಸೇತುವೆ ಬರುವುದಕ್ಕೆ ಮುಂಚೆ ದಡದಲ್ಲಿ ಕುಳಿತು, ಆಚೆಯ ದಡದ ಅಂಬಿಗನನ್ನು ಕೂಗಿ ಕರೆದು, ಅವನು ಬರುವ ಮನಸ್ಸು ಮಾಡುವವರೆಗೆ ಗಂಟುಮೂಟೆಗಳೊಡನೆ ಕಾದವರನ್ನು ಕೇಳಿದರೆ ಗೊತ್ತಾಗುತ್ತದೆ, ಹೊಳೆ ಎಷ್ಟು ಅಗಲವೆಂದು. ಅಂಬಿಗ ಬಾರದಿದ್ದರೆ? ಬಂದವನು ಬಾಯಿಗೆ ಬಂದಷ್ಟು ಕೂಲಿ ಕೇಳಿದರೆ? ಮಳೆಗಾಳಿ ಹಿಡಿದು ಮೂರು ದಿನ ದೋಣಿ ಹೊರಡದೆ ಇದ್ದರೆ, ಆ ಮೂರು ದಿನದ ಅನ್ನ ಯಾರ ಮನೆಯದು? ಇವು ದಡದಲ್ಲಿ ಕುಳಿತವನ ಪ್ರಶ್ನೆಗಳು. ಈ ಪ್ರಶ್ನೆಗಳಿಗೆ ಸುಮಾರು ಏಳುನೂರು ವರ್ಷಗಳಿಂದ ಬಗೆಬಗೆಯಾಗಿ ಉತ್ತರ ಹುಡುಕುತ್ತ ಬಂದಿರುವ ಒಂದು ಕಡವಿನ ಕಥೆಯನ್ನು ಈ ವಾರ ಓದುಗರ ಮುಂದಿಡುತ್ತೇನೆ. ಕಡವು ಎಂದರೆ ದೋಣಿಯಲ್ಲಿ ಹೊಳೆ ದಾಟುವ ಜಾಗ. ಕರಾವಳಿಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಹೇಳಿದೆ.

ಇಂಗ್ಲೆಂಡಿನ ವಾಯವ್ಯ ತೀರದಲ್ಲಿ ಮರ್ಸಿ ಎಂಬ ನದಿ ಐರಿಷ್ ಸಮುದ್ರವನ್ನು ಸೇರುತ್ತದೆ. ಪೂರ್ವದ ದಡದಲ್ಲಿರುವುದು ಲಿವರ್‌ಪೂಲ್. ಪಶ್ಚಿಮದ ದಡದಲ್ಲಿ, ಅದಕ್ಕೆ ಎದುರಾಗಿ, ಬರ್ಕನ್‌ಹೆಡ್. ನಡುವೆ ಹೆಚ್ಚುಕಡಮೆ ಮುಕ್ಕಾಲು ಮೈಲಿಯ ನೀರು. ನಮ್ಮ ಗಂಗೆ, ಬ್ರಹ್ಮಪುತ್ರಗಳನ್ನು ಕಂಡವರಿಗೆ ಇದೊಂದು ದೊಡ್ಡ ಅಗಲವೆನಿಸದು. ಆದರೆ ಈ ನದಿಯ ಆಕಾರ ವಿಚಿತ್ರವಾದದ್ದು. ಮೇಲ್ಭಾಗದಲ್ಲಿ ಹೊಟ್ಟೆ ಅಗಲವಾಗಿ, ಸಮುದ್ರದ ಬಳಿ ಕೊರಳು ಕಿರಿದಾಗಿ, ಮಣ್ಣಿನ ಹೂಜಿಯಂತೆ ಇದೆ. ಸಮುದ್ರದ ಉಬ್ಬರ ಬಂದಾಗ ಆ ಹೊಟ್ಟೆಯನ್ನು ತುಂಬುವ ನೀರೆಲ್ಲ ಈ ಕೊರಳಿನ ಮೂಲಕವೇ ನುಗ್ಗಬೇಕು. ಇಳಿತದಲ್ಲಿ ಅಷ್ಟೂ ನೀರು ಅದೇ ದಾರಿಯಲ್ಲಿ ಹೊರಬೀಳಬೇಕು. ದೊಡ್ಡ ಉಬ್ಬರದ ದಿನಗಳಲ್ಲಿ ನೀರಿನ ಮಟ್ಟ 30 ಅಡಿಗಳಷ್ಟು ಏರಿ ಇಳಿಯುತ್ತದೆ. ಇಂತಹ ಸೆಳೆತಕ್ಕೆ ಅಡ್ಡವಾಗಿ ಹುಟ್ಟು ಹಾಕಿಕೊಂಡು ಹೋಗುವುದು ಆಟವಲ್ಲ. ಎರಡು ಊರುಗಳೂ ಬೆಳೆದದ್ದು ಈ ಕೊರಳಿನ ಇಕ್ಕೆಲಗಳಲ್ಲಿ.

ಮೊದಲ ಅಂಬಿಗರು ಸನ್ಯಾಸಿಗಳು. ಸುಮಾರು 1150ರಲ್ಲಿ ಬೆನೆಡಿಕ್ಟಿನ್ ಪಂಥದ ಒಂದು ಚಿಕ್ಕ ಮಠ ಬರ್ಕನ್‌ಹೆಡ್ಡಿನ ದಡದಲ್ಲಿ ನೆಲೆಗೊಂಡಿತು. ಆಗ ಆ ದಡದಲ್ಲಿ ಊರೆಂಬುದೇ ಇರಲಿಲ್ಲ. ಕಾಡು, ಜೌಗು, ನೀರು. ಎದುರುದಡದ ಲಿವರ್‌ಪೂಲಾದರೂ ದೊರೆ ಜಾನನಿಂದ ಪಟ್ಟಣವೆಂಬ ಸನದು ಪಡೆದದ್ದು 1207ರಲ್ಲಿ. ಅಲ್ಲಿನ ಸಂತೆಗೆ ಹೋಗುವವರು, ವೇಲ್ಸ್ ಮತ್ತು ಚೆಸ್ಟರ್ ಕಡೆಗಳಿಂದ ಬರುವವರು ಮಠದ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅತಿಥಿಸತ್ಕಾರ ಬೆನೆಡಿಕ್ಟಿನ್ ಸನ್ಯಾಸಿಗಳ ವ್ರತದ ಒಂದು ಅಂಗ. ಬಂದವರಿಗೆ ಊಟ ಹಾಕಬೇಕು, ಮಲಗಲು ಜಾಗ ಕೊಡಬೇಕು, ಗಾಳಿ ಇಳಿದಾಗ ಆಚೆಗೆ ದಾಟಿಸಬೇಕು. ಗಾಳಿಯೋ, ಸನ್ಯಾಸಿಗಳ ಅನುಕೂಲ ನೋಡಿಕೊಂಡು ಇಳಿಯುವುದಿಲ್ಲ. ಹದಿನಾರು ಮಂದಿಯ ಆ ಮಠದಲ್ಲಿ ಉಗ್ರಾಣ ಬರಿದಾಗುತ್ತ ಬಂದಿತು. ಅನ್ನದಾನ ಮಾಡಿ ಬಡವಾದ ಮಠಗಳ ಕಥೆ ನಮಗೇನೂ ಹೊಸದಲ್ಲ. ಕೊನೆಗೆ ಅವರು ದೊರೆಗೆ ಅರಿಕೆ ಮಾಡಿಕೊಂಡರು. 1317ರಲ್ಲಿ ಪ್ರಯಾಣಿಕರಿಗಾಗಿ ವಸತಿಗೃಹಗಳನ್ನು ಕಟ್ಟಲು ಅಪ್ಪಣೆಯಾಯಿತು. 1330ರಲ್ಲಿ ಮೂರನೆಯ ಎಡ್ವರ್ಡ್ ದೊರೆ ಇನ್ನೂ ಮುಂದೆ ಹೋಗಿ, ಮನುಷ್ಯರನ್ನೂ ಕುದುರೆಗಳನ್ನೂ ಸರಕನ್ನೂ ನದಿ ದಾಟಿಸಿ ನ್ಯಾಯವಾದ ಸುಂಕ ಪಡೆಯುವ ಹಕ್ಕನ್ನು ಮಠಕ್ಕೂ ಅದರ ಉತ್ತರಾಧಿಕಾರಿಗಳಿಗೂ ಶಾಶ್ವತವಾಗಿ ಬರೆದುಕೊಟ್ಟ.

ಈ ಸನದನ್ನು ಓದುಗರು ಸ್ವಲ್ಪ ನಿಂತು ನೋಡಬೇಕು. ಅಂದಿನವರೆಗೆ ಧರ್ಮವಾಗಿದ್ದದ್ದು ಅಂದಿನಿಂದ ಹಕ್ಕಾಯಿತು. ಇಂಗ್ಲಿಷರ ನ್ಯಾಯಪದ್ಧತಿಯಲ್ಲಿ ಕಡವಿನ ಹಕ್ಕಿಗೆ ಎರಡು ಮುಖ. ಅದನ್ನು ಪಡೆದವನು ತನ್ನ ಎಲ್ಲೆಯೊಳಗೆ ಬೇರೆ ಯಾರೂ ಕೂಲಿಗೆ ದೋಣಿ ಬಿಡದಂತೆ ತಡೆಯಬಹುದು. ಹಾಗೆ ತಡೆಯುವವನು ದೋಣಿಯನ್ನೂ ಅಂಬಿಗರನ್ನೂ ಸದಾ ಸಿದ್ಧವಾಗಿಟ್ಟು, ಬಂದವರನ್ನು ನ್ಯಾಯವಾದ ದರಕ್ಕೆ ದಾಟಿಸಲೂ ಬೇಕು. ಇಂದು ಮನಸ್ಸಿಲ್ಲವೆಂದು ದೋಣಿಯನ್ನು ದಡಕ್ಕೆಳೆದು ಮಲಗುವಂತಿಲ್ಲ. ಲಾಭದ ಜೊತೆಗೆ ಋಣವನ್ನೂ ಕಟ್ಟಿ ಕೊಟ್ಟ ಗಂಟು ಇದು. ಮುಂದಿನ ಶತಮಾನಗಳಲ್ಲಿ ಈ ಗಂಟು ಯಾರ ಯಾರ ಕೈ ಸೇರಿತು, ಯಾರು ಲಾಭವನ್ನು ಬಿಚ್ಚಿಕೊಂಡು ಋಣವನ್ನು ಕೆಳಗಿಡಲು ನೋಡಿದರು ಎಂಬುದೇ ಮರ್ಸಿಯ ಕಡವಿನ ಇತಿಹಾಸವೆಂದು ನನಗೆ ತೋರುತ್ತದೆ.

ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ, 1536ರಲ್ಲಿ, ಬರ್ಕನ್‌ಹೆಡ್ಡಿನ ಮಠವೂ ಹೋಯಿತು. ಅದರ ನೆಲದೊಂದಿಗೆ ಕಡವಿನ ಹಕ್ಕು ಕೆಲವು ವರ್ಷಗಳಲ್ಲಿ ರಾಲ್ಫ್ ವರ್ಸ್ಲಿ ಎಂಬ ಗೃಹಸ್ಥನ ಪಾಲಾಯಿತು. ಅಲ್ಲಿಂದ ಮುಂದೆ ಅದು ಹೊಲಮನೆಗಳಂತೆ ಕ್ರಯಕ್ಕೂ ಗುತ್ತಿಗೆಗೂ ಸಿಕ್ಕುವ ಆಸ್ತಿ. ದಾಟುವವರ ಸುಖದುಃಖ ಹೆಚ್ಚು ಬದಲಾದಂತೆ ಕಾಣುವುದಿಲ್ಲ. ರಾಬಿನ್‌ಸನ್ ಕ್ರೂಸೋ ಬರೆದ ಡೇನಿಯಲ್ ಡಿಫೋ ಹದಿನೆಂಟನೆಯ ಶತಮಾನದ ಆದಿಯಲ್ಲಿ ಈ ಹೊಳೆ ದಾಟಿದವನು. ಲಿವರ್‌ಪೂಲ್ ಕಡೆಯ ದಡ ತಗ್ಗಾಗಿದ್ದುದರಿಂದ ದೋಣಿ ಅಂಚಿನವರೆಗೆ ಬರುತ್ತಿರಲಿಲ್ಲವಂತೆ. ಮೊಳಕಾಲುದ್ದ ನೀರಿನಲ್ಲಿ ನಡೆದು ಬಂದ ಗಟ್ಟಿಯಾಳೊಬ್ಬ ಪ್ರಯಾಣಿಕನನ್ನು ಹೆಗಲ ಮೇಲೆ ಕೂರಿಸಿಕೊಂಡು ದಡ ಮುಟ್ಟಿಸುತ್ತಿದ್ದುದನ್ನು ಡಿಫೋ ತನ್ನ ಪ್ರವಾಸಗ್ರಂಥದಲ್ಲಿ ತಮಾಷೆಯಾಗಿ ವರ್ಣಿಸಿದ್ದಾನೆ. ಅಷ್ಟು ದೊಡ್ಡ ಲೇಖಕ, ತಲೆಯ ಮೇಲಿನ ಕೃತಕ ಕೇಶವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಹೆಗಲೇರಿ ಬರುವ ಚಿತ್ರವನ್ನು ಊಹಿಸಿಕೊಳ್ಳಿ. (ಕೃತಕ ಕೇಶದ ಮಾತು ನನ್ನ ಊಹೆ, ಡಿಫೋನ ಮೇಲೆ ಹೊರಿಸಲಾರೆ.)

ಆ ನಂತರ ಲಿವರ್‌ಪೂಲ್ ಬೆಳೆದ ಕಥೆ ಬೇರೆಯೇ ಒಂದು ಲೇಖನವನ್ನು ಬೇಡುವಂಥದು. ಅದರಲ್ಲಿ ಕಪ್ಪು ಅಧ್ಯಾಯಗಳೂ ಉಂಟು. ಆಫ್ರಿಕದ ಜನರನ್ನು ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಿ ಗಳಿಸಿದ ಹಣ ಆ ಊರಿನ ಅನೇಕ ಮಹಲುಗಳ ಅಡಿಪಾಯದಲ್ಲಿದೆ. 1807ರಲ್ಲಿ ಆ ವ್ಯಾಪಾರ ನಿಷಿದ್ಧವಾದ ಮೇಲೂ ಹತ್ತಿ ಉಳಿಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಬರುವುದು ನಿಂತಾಗ, ಲ್ಯಾಂಕಷೈರಿನ ಗಿರಣಿಯವರು ಕಣ್ಣುಹಾಯಿಸಿದ ಸೀಮೆಗಳಲ್ಲಿ ನಮ್ಮ ಧಾರವಾಡವೂ ಒಂದು. ಕರಿಯ ಮಣ್ಣಿನಲ್ಲಿ ಬೆಳೆದ ಹತ್ತಿಯ ಹಿಂಡಿಗೆಗಳು ಹಡಗೇರಿ ಹೋಗಿ ಇಳಿದದ್ದು ಈ ಮರ್ಸಿಯ ದಡದಲ್ಲಿಯೇ.

ಇತ್ತ ಎದುರುದಡಕ್ಕೆ ಜೀವ ಬಂದದ್ದು ಉಗಿಯಿಂದ. ಹಾಯಿಯ ಕಾಲದಲ್ಲಿ ಗಾಳಿಯೂ ಸೆಳೆತವೂ ಎದುರಾದರೆ ಆ ಮುಕ್ಕಾಲು ಮೈಲಿಗೆ ಗಂಟೆಗಟ್ಟಲೆ ಹಿಡಿಯುವುದುಂಟು. ಹೊರಟ ಕಡೆ ಒಂದು, ಮುಟ್ಟಿದ ಕಡೆ ಇನ್ನೊಂದು ಆಗುವುದೂ ಉಂಟು. 1815ರಲ್ಲಿ ಎಲಿಜಬೆತ್ ಎಂಬ ಉಗಿನಾವೆ ಮರ್ಸಿಯಲ್ಲಿ ಕಾಣಿಸಿಕೊಂಡಿತು. 1817ರಲ್ಲಿ ಎಟ್ನಾ ಎಂಬುದು ಬರ್ಕನ್‌ಹೆಡ್ಡಿನ ಪಕ್ಕದ ಟ್ರಾನ್ಮಿಯರಿನಿಂದ ಲಿವರ್‌ಪೂಲಿಗೆ ಓಡತೊಡಗಿತು. ಎರಡು ಉದ್ದನೆಯ ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ನಡುವೆ ನೀರು ತಳ್ಳುವ ಚಕ್ರವನ್ನಿಟ್ಟ ವಿಲಕ್ಷಣ ವಾಹನ ಅದು. ನೋಡಲು ಹೇಗಾದರೂ ಇರಲಿ, ಹೇಳಿದ ಹೊತ್ತಿಗೆ ಹೊರಟು ಹೇಳಿದ ಕಡೆ ಮುಟ್ಟುತ್ತಿತ್ತು. ಹೊಳೆಯ ಆಚೆ ಮನೆ ಮಾಡಿ ಈಚೆ ಉದ್ಯೋಗ ಮಾಡುವುದು ಸಾಧ್ಯವಾದದ್ದು ಇದರಿಂದ. 1801ರ ಜನಗಣತಿಯಲ್ಲಿ ಬರ್ಕನ್‌ಹೆಡ್ಡಿನಲ್ಲಿದ್ದವರು 110 ಮಂದಿ. ನೂರು ವರ್ಷಗಳ ಮೇಲೆ ಅವರ ಸಂಖ್ಯೆ ಒಂದು ಲಕ್ಷವನ್ನು ಮೀರಿತು. 1824ರಲ್ಲಿ ವಿಲಿಯಂ ಲೇರ್ಡ್ ಅಲ್ಲಿ ಕಬ್ಬಿಣದ ಕಾರ್ಖಾನೆ ತೆರೆದ. ಅದೇ ಮುಂದೆ ಹೆಸರಾಂತ ಹಡಗುಕಟ್ಟೆಯಾಯಿತು. 1847ರಲ್ಲಿ ಸಾರ್ವಜನಿಕರ ಹಣದಿಂದಲೇ ನಿರ್ಮಿತವಾದ ಉದ್ಯಾನವನ ಅಲ್ಲಿ ತೆರೆಯಿತು. 1850ರಲ್ಲಿ ಲಿವರ್‌ಪೂಲಿನಲ್ಲಿ ಹಡಗಿಳಿದು ಕಡವು ದಾಟಿದ ಓಲ್ಮ್‌ಸ್ಟೆಡ್ ಎಂಬ ಅಮೆರಿಕನ್ ತರುಣ, ಬರ್ಕನ್‌ಹೆಡ್ಡಿನ ರೊಟ್ಟಿಯಂಗಡಿಯವನ ಒತ್ತಾಯಕ್ಕೆ ಆ ಉದ್ಯಾನವನವನ್ನು ನೋಡಲು ಹೋಗಿ ಬೆರಗಾದ. ಕೆಲವು ವರ್ಷಗಳ ಅನಂತರ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದವರಲ್ಲಿ ಅವನೊಬ್ಬ. 1853ರಿಂದ ಲಿವರ್‌ಪೂಲಿನಲ್ಲಿ ಅಮೆರಿಕದ ರಾಯಭಾರ ಕಚೇರಿಯ ಅಧಿಕಾರಿಯಾಗಿದ್ದ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ಕೂಡ ಆಚೆಯ ದಡದ ರಾಕ್ ಫೆರಿಯಲ್ಲಿ ಮನೆ ಮಾಡಿ ಉಗಿನಾವೆಯಲ್ಲಿ ಕಚೇರಿಗೆ ಬರುತ್ತಿದ್ದ. 1860ರಲ್ಲಿ ಬರ್ಕನ್‌ಹೆಡ್ಡಿನ ವುಡ್‌ಸೈಡ್ ಕಡವಿನಿಂದ ಹೊರಟು ಅದೇ ಉದ್ಯಾನವನದ ಕಡೆಗೆ ಹೋಗುತ್ತಿದ್ದ ಕುದುರೆ ಟ್ರಾಮು ಯೂರೋಪಿನ ಮೊದಲ ಬೀದಿ ಟ್ರಾಮುಗಳಲ್ಲೊಂದು.

ಮೂವತ್ತು ಅಡಿ ಏರಿಳಿಯುವ ನೀರಿನಲ್ಲಿ ಹತ್ತಿ ಇಳಿಯುವುದು ಹೇಗೆ? ಡಿಫೋನಿಗೆ ಸಿಕ್ಕ ಹೆಗಲು ಸಾವಿರಾರು ಜನಕ್ಕೆ ಸಿಕ್ಕುವಂತಿಲ್ಲ. ಈ ತೊಡಕಿಗೆ ಅವರು ಕಂಡುಕೊಂಡ ಪರಿಹಾರ ತೇಲುವ ಕಟ್ಟೆ. ಪೊಳ್ಳಾದ ಕಬ್ಬಿಣದ ದೊಡ್ಡ ಪೆಟ್ಟಿಗೆಗಳನ್ನು ಸಾಲಾಗಿ ನೀರಿನಲ್ಲಿ ತೇಲಿಬಿಟ್ಟು, ಅವುಗಳ ಮೇಲೆ ಮರದ ಜಗಲಿ ಹಾಸಿ, ಜಗಲಿಯಿಂದ ದಡಕ್ಕೆ ಕೀಲುಗಳುಳ್ಳ ಸೇತುವೆಗಳನ್ನಿಟ್ಟರು. ನೀರು ಏರಿದಂತೆ ಕಟ್ಟೆಯೂ ಏರುತ್ತದೆ, ಇಳಿದಂತೆ ಇಳಿಯುತ್ತದೆ. ನಾವೆಗೂ ಕಟ್ಟೆಗೂ ಮಾತ್ರ ಯಾವಾಗಲೂ ಒಂದೇ ಮಟ್ಟ. ಬದಲಾಗುವುದು ಸೇತುವೆಯ ಇಳಿಜಾರು. ಬೆಳಗ್ಗೆ ಸಮವಾಗಿ ನಡೆದುಬಂದವನು ಸಂಜೆ ಬೆಟ್ಟ ಹತ್ತಿದಂತೆ ಏದುಸಿರು ಬಿಡುತ್ತ ಮನೆಗೆ ಹೋಗಬೇಕಾಗುತ್ತಿತ್ತು. ಮೊದಲ ತೇಲುಕಟ್ಟೆ ಲಿವರ್‌ಪೂಲಿನಲ್ಲಿ ಸಿದ್ಧವಾದದ್ದು 1847ರಲ್ಲಿ. 1874ರಲ್ಲಿ ವಿಸ್ತರಣೆಯ ಕೆಲಸ ಮುಗಿಯುತ್ತ ಬಂದಿದ್ದಾಗ ಕಟ್ಟೆಗೆ ಬೆಂಕಿ ಬಿದ್ದು ಸುಟ್ಟುಹೋಯಿತು. ಸುತ್ತಲೂ ನೀರೇ ಇದ್ದರೂ ಮರ ಉರಿಯದೆ ಬಿಡಲಿಲ್ಲ. ಮತ್ತೆ ಕಟ್ಟಿದರು. ಕೊನೆಗೆ ಅದರ ಉದ್ದ ಸುಮಾರು ಅರ್ಧ ಮೈಲಿಗೆ ಮುಟ್ಟಿತು.

ಇಷ್ಟರಲ್ಲಿ ಸನದಿನ ಗಂಟು ಮತ್ತೆ ಕೈ ಬದಲಾಯಿಸಿತ್ತು. ಖಾಸಗಿಯವರ ಕೈಯಲ್ಲಿ ಒಂದಕ್ಕೊಂದು ಪೈಪೋಟಿಯಾಗಿ ನಡೆಯುತ್ತಿದ್ದ ಕಡವುಗಳಿಂದ ಊರವರಿಗೆ ನೆಮ್ಮದಿಯಿರಲಿಲ್ಲ. ಲಾಭವಿದ್ದ ಕಡೆ ನಾವೆಗಳ ನೂಕುನುಗ್ಗಲು, ಇಲ್ಲದ ಕಡೆ ಮುರುಕು ಕಟ್ಟೆ. 1842ರಲ್ಲಿ ಮಠದ ಕಾಲದಿಂದ ಬಂದ ವುಡ್‌ಸೈಡ್ ಕಡವು ಬರ್ಕನ್‌ಹೆಡ್ಡಿನ ಪೌರಾಡಳಿತಕ್ಕೆ ಸೇರಿತು. 1861ರಲ್ಲಿ ಉತ್ತರದ ನೆರೆಯೂರಾದ ವಾಲಸಿ, ತನ್ನ ದಡದ ಸೀಕೂಮ್, ಎಗ್ರಿಮಂಟ್, ನ್ಯೂ ಬ್ರೈಟನ್ ಕಡವುಗಳನ್ನು ಕೊಂಡುಕೊಂಡಿತು. ದಾಟುವವರೇ ಕಡವಿನ ಒಡೆಯರಾದರು. ನನ್ನ ಮಟ್ಟಿಗೆ ಈ ಕಥೆಯಲ್ಲಿ ಉಗಿಯ ಆಗಮನಕ್ಕಿಂತ ಇದೇ ದೊಡ್ಡ ತಿರುವು. ಉಗಿ ವೇಗ ಕೊಟ್ಟಿತು. ಲಾಭ ಬರಲಿ ಬಾರದಿರಲಿ ನಾವೆ ಹೊರಡಬೇಕೆಂಬ ಕಟ್ಟುಪಾಡನ್ನು ಮತ್ತೆ ತಂದದ್ದು ಊರಿನ ಒಡೆತನ.

ಆ ಕಟ್ಟುಪಾಡಿಗೆ ಪರೀಕ್ಷೆಯೂ ಬೇಗನೆ ಬಂತು. 1886ರ ಜನವರಿಯಲ್ಲಿ ನದಿಯ ತಳದ ಬಂಡೆಯನ್ನು ಕೊರೆದ ಸುರಂಗದಲ್ಲಿ ರೈಲು ಓಡಿತು. ಇನ್ನು ನಾವೆಗಳ ಕಥೆ ಮುಗಿಯಿತೆಂದು ಎಲ್ಲರೂ ನಂಬಿದರು. ಪ್ರಯಾಣಿಕರೂ ರೈಲಿಗೆ ನಡೆದರು. ಆದರೆ ಅದು ಕಲ್ಲಿದ್ದಲಿನ ಎಂಜಿನ್ನಿನ ರೈಲು. ಗಾಳಿಯಂತ್ರಗಳು ಎಷ್ಟು ತಿರುಗಿದರೂ ಸುರಂಗದ ಹೊಗೆ ಹೋಗದು. ಬಿಳಿ ಕತ್ತುಪಟ್ಟಿ ಹಾಕಿ ರೈಲೇರಿದ ಗುಮಾಸ್ತ ಆಚೆ ಇಳಿಯುವಾಗ ಬಾಣಸಿಗನಂತೆ ಕಾಣುತ್ತಿದ್ದ. ಒಬ್ಬೊಬ್ಬರಾಗಿ ಅನೇಕರು ನಾವೆಗೆ ಮರಳಿದರು. ರೈಲು ಸಂಸ್ಥೆ ದಿವಾಳಿಯ ಅಂಚಿಗೆ ಬಂತು. 1903ರಲ್ಲಿ ವಿದ್ಯುತ್ತಿನಿಂದ ಓಡಿಸಿದ ಮೇಲಷ್ಟೆ ಅದಕ್ಕೆ ಉಸಿರು ಬಂದದ್ದು. ನಾವೆಯಲ್ಲಿ ಶುದ್ಧವಾದ ಗಾಳಿ. ಮೇಲಂತಸ್ತಿನ ಅಂಗಳದಲ್ಲಿ ಕಚೇರಿಯ ಗೃಹಸ್ಥರು ಗುಂಪಾಗಿ, ಎಲ್ಲರೂ ಒಂದೇ ದಿಕ್ಕಿನಲ್ಲಿ, ಪ್ರದಕ್ಷಿಣೆ ಹಾಕುತ್ತ ಹೊಳೆ ದಾಟುವ ಪದ್ಧತಿ ಬೆಳೆದಿತ್ತು.

ಈ ಸಾಧು ನಾವೆಗಳಿಗೆ ಒಂದು ರಾತ್ರಿ ಯುದ್ಧದ ಕೆಲಸ ಬಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರ ಜಲಾಂತರ್ಗಾಮಿಗಳು ಬೆಲ್ಜಿಯಮ್ಮಿನ ಜೀಬ್ರುಗ ಬಂದರಿನ ಕಾಲುವೆಯಿಂದ ಹೊರಟು ಹಡಗುಗಳನ್ನು ಮುಳುಗಿಸುತ್ತಿದ್ದವು. ಸಿಮೆಂಟು ತುಂಬಿದ ಹಳೆಯ ಹಡಗುಗಳನ್ನು ಕಾಲುವೆಯ ಬಾಯಲ್ಲಿ ಮುಳುಗಿಸಿ ದಾರಿ ಮುಚ್ಚುವುದು ಇಂಗ್ಲಿಷರ ಹವಣಿಕೆ. ಅದಕ್ಕೆ ಮೊದಲು ಬಂದರಿನ ಉದ್ದನೆಯ ಕಲ್ಲುಕಟ್ಟೆಯ ಮೇಲೆ ಸೈನಿಕರನ್ನಿಳಿಸಿ ಫಿರಂಗಿಗಳ ಗಮನ ಸೆಳೆಯಬೇಕು. ಸೈನಿಕರನ್ನು ಒಯ್ಯಲು ಯೋಗ್ಯವಾದ ನಾವೆ ಯಾವುದು? ಹುಡುಕಿದವರ ಕಣ್ಣಿಗೆ ಬಿದ್ದದ್ದು ವಾಲಸಿಯವರು 1906ರಲ್ಲಿ ಕಟ್ಟಿಸಿದ್ದ ಐರಿಸ್ ಮತ್ತು ಡ್ಯಾಫೊಡಿಲ್, ಎಂದರೆ ಎರಡು ಹೂವಿನ ಹೆಸರಿನ ನಾವೆಗಳು. ಅವುಗಳ ತಳ ಆಳವಿಲ್ಲದ್ದರಿಂದ ನೀರಿನಡಿಯ ಸಿಡಿಗುಂಡುಗಳ ಮೇಲೆ ತೇಲಿಹೋಗಬಲ್ಲವು. ಜನವನ್ನೂ ಬಹಳವಾಗಿ ಹಿಡಿಸುತ್ತವೆ. 1918ರ ಏಪ್ರಿಲ್ 22ರ ರಾತ್ರಿ ವಿಂಡಿಕ್ಟಿವ್ ಎಂಬ ಯುದ್ಧನೌಕೆಯೊಡನೆ ಇವೆರಡೂ ಹೋದವು. ನಡುರಾತ್ರಿ ಕಳೆದು ಗುಂಡಿನ ಮಳೆ ಸುರಿಯುತ್ತಿದ್ದಾಗ ವಿಂಡಿಕ್ಟಿವ್ ಕಟ್ಟೆಗೆ ಅಂಟಿ ನಿಲ್ಲಲಾರದೆ ಹೋಯಿತು. ಆಗ ಡ್ಯಾಫೊಡಿಲ್ ತನ್ನ ಮೂತಿಯನ್ನು ಅದರ ಪಕ್ಕೆಗೊತ್ತಿ, ಸುಮಾರು ಒಂದು ಗಂಟೆಯ ಕಾಲ ತಳ್ಳಿ ಹಿಡಿದು ನಿಂತಿತು. ದಿನಕ್ಕೆ ಹತ್ತಾರು ಬಾರಿ ಕಟ್ಟೆಗೆ ಒತ್ತಿ ನಿಲ್ಲುವುದೇ ಅದರ ನಿತ್ಯದ ಕೆಲಸವಾಗಿತ್ತಲ್ಲ! ಐರಿಸ್ ಮಾತ್ರ ಅಲೆಗಳ ಹೊಯ್ದಾಟದಲ್ಲಿ ಕಟ್ಟೆಗೆ ಕೊಂಡಿ ಹಾಕಲಾಗದೆ, ಹಿಂದಿರುಗುವಾಗ ಗುಂಡುಗಳಿಗೆ ಸಿಕ್ಕಿ, ಅದರಲ್ಲಿದ್ದ ಅನೇಕ ಸೈನಿಕರು ಸತ್ತರು. ಆ ರಾತ್ರಿ ಒಟ್ಟಿನಲ್ಲಿ ಮಡಿದ ಇಂಗ್ಲಿಷರು ಇನ್ನೂರಕ್ಕೂ ಹೆಚ್ಚು. ಕಾಲುವೆ ಮುಚ್ಚಿದ್ದು ಕೆಲವು ದಿನಗಳ ಮಟ್ಟಿಗೆ ಮಾತ್ರ. ಐದನೆಯ ಜಾರ್ಜ್ ದೊರೆ ಎರಡು ನಾವೆಗಳ ಹೆಸರಿಗೂ ‘ರಾಯಲ್’ ಎಂಬ ಬಿರುದನ್ನು ಸೇರಿಸಿದ. ರಿಪೇರಿಯಾಗಿ ಬಂದ ಅವು ಮತ್ತೆ ಗುಮಾಸ್ತರನ್ನೂ ಶಾಲೆಯ ಮಕ್ಕಳನ್ನೂ ದಾಟಿಸತೊಡಗಿದವು.

1934ರ ಜುಲೈ 18ರಂದು ಅದೇ ದೊರೆ ನದಿಯಡಿಯ ರಸ್ತೆಸುರಂಗವನ್ನು ತೆರೆದ. ಎರಡು ಮೈಲಿಗೂ ಮಿಕ್ಕಿದ ಆ ಸುರಂಗ ಆ ಕಾಲದ ಒಂದು ಅದ್ಭುತ. ಬಂಡಿಗಳನ್ನೂ ಲಾರಿಗಳನ್ನೂ ದಾಟಿಸಲೆಂದೇ ಇದ್ದ ಸರಕುನಾವೆಗಳು 1940ರ ದಶಕ ಮುಗಿಯುವುದರೊಳಗೆ ನಿಂತುಹೋದವು. ಆದರೆ ಸುರಂಗದಲ್ಲಿ ಕಾಲ್ನಡಿಗೆಗೆ ಅವಕಾಶವಿರಲಿಲ್ಲ. ವಾಹನವುಳ್ಳವನಿಗೆ ಹೊಳೆಯೇ ಇಲ್ಲವಾಯಿತು. ಇಲ್ಲದವನಿಗೆ ಹೊಳೆ ಇದ್ದಷ್ಟೇ ಅಗಲವಾಗಿ ಉಳಿಯಿತು. ರಾಕ್ ಫೆರಿಯ ಕಡವು 1939ರಲ್ಲಿ, ಎಗ್ರಿಮಂಟಿನದು 1941ರಲ್ಲಿ ಮುಚ್ಚಿದವು. 1941ರ ಮೇ ತಿಂಗಳ ಬಾಂಬುದಾಳಿಯಲ್ಲಿ ಎರಡನೆಯ ರಾಯಲ್ ಡ್ಯಾಫೊಡಿಲ್ ಸೀಕೂಮಿನ ಕಟ್ಟೆಯ ಬಳಿಯೇ ಮುಳುಗಿತು. ಅದನ್ನು ಮೇಲಕ್ಕೆತ್ತಿ, ಕೆಸರು ತೊಳೆದು, ಮತ್ತೆ ಓಡಿಸಿದರು.

1964ರ ಕೊನೆಯಲ್ಲಿ ಲಿವರ್‌ಪೂಲಿನ ಗಾಯಕ ಜೆರಿ ಮಾರ್ಸ್ಡನ್ ಈ ಕಡವಿನ ಮೇಲೆ ಕಟ್ಟಿದ ಹಾಡೊಂದು ಧ್ವನಿಮುದ್ರಿಕೆಯಾಗಿ ಹೊರಬಂದು ಲೋಕವನ್ನೆಲ್ಲ ಸುತ್ತಿತು. ಅದೇ ಹೆಸರಿನ ಚಲನಚಿತ್ರವೂ ಮರುವರ್ಷ ಬಂತು. ಮರ್ಸಿಯ ಹೆಸರನ್ನೇ ಕೇಳದಿದ್ದವರೂ ಅದರ ನಾವೆಯ ಹಾಡನ್ನು ಗುನುಗುತ್ತಿದ್ದ ಆ ದಿನಗಳಲ್ಲೇ ನಾವೆಯನ್ನು ಏರುವವರು ಕಡಮೆಯಾಗುತ್ತಿದ್ದರು. ನಾವು ಹಾಡಿ ಹೊಗಳಲು ತೊಡಗಿದ ವಸ್ತು ಬಹಳವಾಗಿ ಕೈಬಿಟ್ಟುಹೋಗುವ ಹಂತದಲ್ಲಿರುತ್ತದೆ. ಒರಳುಕಲ್ಲಿನ ವಿಷಯದಲ್ಲಿಯೂ ನಮ್ಮದು ಇದೇ ಕಥೆಯಲ್ಲವೆ? 1971ರಲ್ಲಿ ಇನ್ನೊಂದು ರಸ್ತೆಸುರಂಗ ತೆರೆಯಿತು. ಅದೇ ವರ್ಷ ನ್ಯೂ ಬ್ರೈಟನ್ನಿನ ನಾವೆ ನಿಂತಿತು. ಉಳಿದವನ್ನೂ ಮುಚ್ಚಿಬಿಡುವ ಮಾತು ಆ ದಶಕದಲ್ಲಿ ಎದ್ದಿತು. ಲೆಕ್ಕ ಬರೆಯುವವರು ಹೇಳಿದ್ದು ಸುಳ್ಳಾಗಿರಲಿಲ್ಲ; ಪ್ರತಿ ಸಲ ದಾಟಿದಾಗಲೂ ನಷ್ಟವೇ. ಆದರೆ ಊರವರು ಒಪ್ಪಲಿಲ್ಲ. ದಿನವೂ ದಾಟುವವರು ಮಾತ್ರವೇ ಅಲ್ಲ, ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗುವವರೂ ಕೂಗಿ ವಿರೋಧಿಸಿದರು. ಸೀಕೂಮ್ ಮತ್ತು ವುಡ್‌ಸೈಡ್ ಉಳಿದುಕೊಂಡವು.

1990ರಿಂದ ಒಂದು ಒಡಂಬಡಿಕೆಯ ದಾರಿ ಹುಡುಕಿದರು. ಬೆಳಗು ಸಂಜೆ ಕೆಲಸಕ್ಕೆ ಹೋಗುವವರಿಗಾಗಿ ನೇರವಾದ ನಾವೆ. ನಡುಹಗಲು ಪ್ರವಾಸಿಗಳಿಗಾಗಿ ಸುತ್ತುಬಳಸಿ ನದಿಯನ್ನೆಲ್ಲ ತೋರಿಸುವ ವಿಹಾರ, ಜೊತೆಗೆ ವಿವರಣೆ, ಜೊತೆಗೆ ಆ ಹಾಡು. 1960ರ ಸುಮಾರಿಗೆ ಕಟ್ಟಿದ ನಾವೆಗಳಿಗೆ ಹೊಸ ಹೆಸರಿಟ್ಟರು. ಅವುಗಳಲ್ಲೊಂದು ಸ್ನೋಡ್ರಾಪ್, ಮತ್ತೆ ಹೂವಿನದೇ. 2015ರಲ್ಲಿ ಚಿತ್ರಕಾರ ಪೀಟರ್ ಬ್ಲೇಕ್ ಅದರ ಮೈತುಂಬ ಬಣ್ಣಬಣ್ಣದ ಪಟ್ಟೆಗಳನ್ನು ಬರೆಸಿದ. ಮಹಾಯುದ್ಧದ ಕಾಲದಲ್ಲಿ ಶತ್ರುವಿನ ಕಣ್ಣಿಗೆ ಹಡಗಿನ ವೇಗವೂ ದಿಕ್ಕೂ ಅಂದಾಜಿಗೆ ಸಿಗದಂತೆ ಬಳಿಯುತ್ತಿದ್ದ ಪಟ್ಟೆಗಳ ನೆನಪಿಗಾಗಿ ಅದು. ಸುಂಕದಿಂದ ಖರ್ಚು ಹುಟ್ಟುವುದಿಲ್ಲವಾಗಿ ಕೊರತೆಯನ್ನು ಸಾರ್ವಜನಿಕರ ಬೊಕ್ಕಸ ತುಂಬಿಕೊಡಬೇಕಾಗಿದೆ. ಸನ್ಯಾಸಿಗಳ ಉಗ್ರಾಣ ಬರಿದಾದಾಗ ದೊರೆಯ ಮುಂದಿಟ್ಟ ಅರಿಕೆಯನ್ನೇ ಈಗ ಬೇರೆಯವರು ಬೇರೆ ಕಾಗದದ ಮೇಲೆ ಬರೆಯುತ್ತಿದ್ದಾರೆ.

ಆ ಮಠದ ಗೋಡೆಗಳು ಬರ್ಕನ್‌ಹೆಡ್ಡಿನಲ್ಲಿ ಇಂದಿಗೂ ನಿಂತಿವೆ. ಸನ್ಯಾಸಿಗಳು ಸಭೆ ಸೇರುತ್ತಿದ್ದ ಕಲ್ಲಿನ ಕೋಣೆಗೆ ಎಂಟುನೂರು ವರ್ಷ ಮೀರಿದೆ. ಅಲ್ಲಿ ಈಗಲೂ ಪ್ರಾರ್ಥನೆ ನಡೆಯುವುದುಂಟು. ಪಕ್ಕದಲ್ಲಿಯೇ ಹಿಂದಿನ ಶತಮಾನಗಳ ಚರ್ಚೊಂದರ ಗೋಪುರ ಮಾತ್ರ ಉಳಿದಿದೆ. ಮೆಟ್ಟಿಲು ಹತ್ತಿ ಮೇಲೆ ನಿಂತರೆ ಕಾಲ ಕೆಳಗೇ ಹಡಗುಕಟ್ಟೆ, ಅದರಾಚೆ ಕಂದುಬಣ್ಣದ ನೀರು, ನೀರಿನಾಚೆ ಲಿವರ್‌ಪೂಲಿನ ಎತ್ತರದ ಕಟ್ಟಡಗಳು. ಸ್ವಲ್ಪ ಕಾದು ನಿಂತವರಿಗೆ ನಡುವಿನ ನೀರಿನಲ್ಲಿ, ಸೆಳೆತಕ್ಕೆ ತುಸು ಓರೆಯಾಗಿ ಮೂತಿ ತಿರುಗಿಸಿಕೊಂಡು ಹೊರಟ ನಾವೆಯೂ ಕಾಣುತ್ತದೆ.